ಬಿದ್ದಳು ಎಂದು ಹೇಳಬೇಕಂತೆ

ಆಸ್ಪತ್ರೆಯ ಹಿಂದಿನ ಕ್ವಾರ್ಟರ್ಸ್,
ಹದಿನಾಲ್ಕನೇ ತಾರೀಖು, ಮಂಗಳವಾರ ಬೆಳಗ್ಗೆ

ಪ್ರೀತಿಯ ಗುಂಡಾ,

ನಿನ್ನ ಬಲಗೈ ಹೇಗಿದೆ? ಪಟ್ಟಿ ಬಿಚ್ಚಿದರಾ, ಇಲ್ಲ ಇನ್ನೂ ಕುತ್ತಿಗೆಗೆ ಜೋಳಿಗೆ ಕಟ್ಟಿಕೊಂಡೇ ಓಡಾಡುತ್ತಿದ್ದೀಯಾ? ಕಿರುಬೆರಳಿನ ಬುಡದ ಮೂಳೆ ಅದು, ಕೂಡಿಕೊಳ್ಳಲು ಒಂದು ತಿಂಗಳ ಮೇಲೇ ಹಿಡಿಯುತ್ತದೆ. ಮಡಿಸಿ ನೋಡುವ ಆತುರ ಬೇಡ. ಸೊಟ್ಟಗೆ ಕೂಡಿದರೆ ಆಮೇಲೆ ಪೆನ್ನು ಹಿಡಿದಾಗಲೆಲ್ಲ ನೋಯುತ್ತದೆ. ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಿದ್ದೀಯ ತಾನೆ? ಸೋದರಮಾವನ ಮನೆಯಲ್ಲಿ ಎಲ್ಲದಕ್ಕೂ ಉಪ್ಪು ಒಂದು ಹಿಡಿ ಮುಂದು, ಅತ್ತೆಗೆ ಹೇಳಿ ಕಡಿಮೆ ಹಾಕಿಸಿಕೋ. ಮಾವ ನಿನ್ನ ಜಾಮೀನಿಗೆ ಸಹಿ ಹಾಕಿದ್ದಕ್ಕೆ ನನಗೇನೂ ಸಿಟ್ಟಿಲ್ಲ ಎಂದು ಅವರಿಗೆ ತಿಳಿಸು. ನಿದ್ದೆ ಬರುತ್ತಿಲ್ಲ ಎಂದು ಬರೆದಿದ್ದೀಯ. ಬಾರದಿರುವುದೇ ಒಳ್ಳೆಯದು ಎಂದು ಬರೆಯಹೊರಟು ಕೈ ತಡೆದೆ. ಆದರೂ ಬರೆದುಬಿಟ್ಟೆ ನೋಡು.

ನಿನ್ನ ಕಾಗದ ಓದಿದೆ. ಎಡಗೈಯಲ್ಲಿ ಬರೆದ ಆ ಅಕ್ಷರ ನೋಡಿ ಮೊದಲು ನಗು ಬಂತು. ಒಂದನೇ ಕ್ಲಾಸಿನಲ್ಲಿ ನಾನು ಕೈ ಹಿಡಿದು ತಿದ್ದಿಸಿದಾಗ ಇದಕ್ಕಿಂತ ದುಂಡಗೆ ಬರೆಯುತ್ತಿದ್ದೆ. ಆಮೇಲೆ ಆ ಸಾಲಿಗೆ ಬಂದೆ. ‘ಅಕ್ಕಾ, ನೀನೊಂದು ಮಾತು ಹೇಳಿದ್ರೆ ಸಾಕು. ಬಿದ್ಲು ಅಂತ. ನೀನು ಹೇಳಿದ್ಮೇಲೆ ಜಡ್ಜು ಬೇರೆ ಯಾರನ್ನೂ ಕೇಳಲ್ಲ.’ ನಿಜ, ಕೇಳುವುದಿಲ್ಲ. ಜಾಮೀನು ಮುಂದುವರಿಸಿ ನಿನ್ನನ್ನು ಹೊರಗೇ ಬಿಡಬೇಕೋ ಒಳಗೆ ಹಾಕಬೇಕೋ ಎಂಬುದು ಗುರುವಾರ ತೀರ್ಮಾನವಾಗುತ್ತದೆ, ನಿನ್ನ ಹೆಂಡತಿಯ ಮೂಳೆಗಳು ಬಿದ್ದು ಮುರಿದವೋ ಹೊಡೆದು ಮುರಿದವೋ ಎಂದು ಹೇಳಲು ಕರೆದಿರುವುದು ನನ್ನನ್ನು. ಅಕ್ಕ ಎಂಬ ಕಾರಣಕ್ಕೆ ಬೇಡ ಎಂದು ಸರ್ಕಾರದ ವಕೀಲರು ಹೇಳಬಹುದಿತ್ತು, ಹೇಳಲಿಲ್ಲ. ನಿನ್ನ ವಕೀಲರು ಅಕ್ಕ ಎಂಬ ಕಾರಣಕ್ಕೇ ಬೇಕು ಎಂದರಂತೆ. ನಾನು ‘ಬಿದ್ದಳು’ ಎಂದರೆ ನೀನು ನಿನ್ನ ಮನೆಗೆ ಹೋಗುತ್ತೀಯ, ಹಿಂದೆಯೇ ಅವಳೂ ಆ ಮನೆಗೇ ಹೋಗಬೇಕಾಗುತ್ತದೆ. ಅಲ್ಲ ಎಂದರೆ ನೀನು ಜೈಲಿಗೆ. ನಡುವೆ ಕೂರಲು ನನಗೊಂದು ಮಣೆಯನ್ನೂ ಯಾರೂ ಹಾಕಿಲ್ಲ.

ಮೊದಲು ಅವಳ ಸುದ್ದಿ ಹೇಳುತ್ತೇನೆ, ನೀನು ಕೇಳದಿದ್ದರೂ. ಸೂಜಿ (ಅವಳಿಗೆ ನಾನಿಟ್ಟ ಹೆಸರು, ಬೇರೆ ಹೆಸರಿಂದ ಕರೆಯಲು ನನ್ನ ನಾಲಿಗೆ ತಿರುಗುವುದಿಲ್ಲ) ನನ್ನ ಒಳಕೋಣೆಯಲ್ಲಿದ್ದಾಳೆ. ದವಡೆ ಎರಡು ಕಡೆ ಮುರಿದಿತ್ತು. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿದಿದ್ದಾರೆ. ಹಲ್ಲುಗಳ ಸಂದಿಯಲ್ಲಿ ಸ್ಟ್ರಾ ತೂರಿಸಿ ಹಾಲು, ಹಣ್ಣಿನ ರಸ ಕುಡಿಯುತ್ತಾಳೆ. ವಾಂತಿ ಬಂದರೆ ತಂತಿ ಕತ್ತರಿಸಲೆಂದು ದಿಂಬಿನ ಪಕ್ಕದಲ್ಲೇ ಕಟ್ಟರ್ ಇಟ್ಟಿದ್ದೇವೆ, ಇಲ್ಲದಿದ್ದರೆ ಉಸಿರು ಕಟ್ಟಿ ಸಾಯುತ್ತಾಳೆ. ಎಡ ಮುಂಗೈ ಮುರಿದದ್ದಕ್ಕೆ ಒಳಗೆ ಲೋಹದ ಪಟ್ಟಿ ಹಾಕಿ ಸ್ಕ್ರೂ ಹೊಡೆದಿದ್ದಾರೆ. ಹೊಟ್ಟೆಯೊಳಗೆ ಗುಲ್ಮ, ಅದೇ ಸ್ಪ್ಲೀನ್, ಒಡೆದು ರಕ್ತ ತುಂಬಿತ್ತು. ಅದನ್ನು ತೆಗೆದೇ ಹಾಕಿದರು. ಬಲಗಣ್ಣಿನ ಬಿಳಿ ಇನ್ನೂ ಕೆಂಪಗಿದೆ. ಮೊನ್ನೆ ಕನ್ನಡಿ ಕೇಳಿದಳು. ಕೊಡಬಾರದೆಂದುಕೊಂಡೆ, ಕೊಟ್ಟೆ. ಸುಮಾರು ಹೊತ್ತು ನೋಡಿಕೊಂಡು ಹಲ್ಲು ಕಚ್ಚಿಕೊಂಡೇ ಅಂದಳು: ‘ಅಕ್ಕಾ, ಪಾಸ್‌ಪೋರ್ಟ್ ಫೋಟೋದಲ್ಲಿ ಇದಕ್ಕಿಂತ ಕೆಟ್ಟದಾಗಿದ್ದೆ.’ ನಕ್ಕಿದ್ದಕ್ಕೆ ಅವಳಿಗೆ ನೋವಾಯಿತು, ಅತ್ತದ್ದು ನಾನು.

ಅಮ್ಮನೂ ಇಲ್ಲೇ ಇದ್ದಾಳೆ. ನಿನ್ನ ಮನೆಗೆ ಪೊಲೀಸರು ಬೀಗ ಹಾಕಿದ ದಿನವೇ ಕರೆದುಕೊಂಡು ಬಂದೆ. ದಿನಕ್ಕೊಂದು ಸಲವಾದರೂ ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ’ ಎನ್ನುತ್ತಾಳೆ. ಇವಳು ಉಣ್ಣುವುದು ಹೇಗಮ್ಮಾ, ಬಾಯಿಗೆ ತಂತಿ ಕಟ್ಟಿದ್ದಾರಲ್ಲ ಎಂದೆ. ಅವತ್ತು ಇಡೀ ದಿನ ನನ್ನ ಜೊತೆ ಮಾತು ಬಿಟ್ಟಳು. ಆದರೆ ಸೂಜಿಯ ತಲೆ ಬಾಚುವುದು, ಮೈ ಒರೆಸುವುದು, ಸ್ಟ್ರಾ ತೊಳೆಯುವುದು ಎಲ್ಲ ಅಮ್ಮನದೇ. ಬಾಚುತ್ತಲೇ ‘ಅವನು ಕೆಟ್ಟೋನಲ್ಲ ಕಣಮ್ಮ’ ಎನ್ನುತ್ತಾಳೆ. ಹೆತ್ತವರಿಗೆ ಹೆಗ್ಗಣ ಮುದ್ದು. ನೀನು ಅವತ್ತು ಹೊಡೆಯುವಾಗ ತಾನು ಬಚ್ಚಲಲ್ಲಿದ್ದೆ, ನಲ್ಲಿ ಸುರಿಯುತ್ತಿತ್ತು, ಏನೂ ಕೇಳಿಸಲಿಲ್ಲ ಎಂದು ಪೊಲೀಸರಿಗೆ ಬರೆಸಿದ್ದಾಳೆ. ನಾನೂ ಕೆದಕಲು ಹೋಗಲಿಲ್ಲ.

ಈಗ ನಿನ್ನ ವಕೀಲರ ವಿಷಯ. ಪುಣ್ಯಾತ್ಮ ನಮ್ಮ ಇಲಾಖೆಯ ದೊಡ್ಡ ಮೇಷ್ಟ್ರ ಹಳೆಯ ಪ್ರಬಂಧವನ್ನು ಅಗೆದು ತೆಗೆದಿದ್ದಾರೆ. ಹೆಂಗಸರು ಮೂವತ್ತೈದು ದಾಟುವ ಮೊದಲೇ ಪದೇ ಪದೇ ಬಿದ್ದು ಮೂಳೆ ಮುರಿದುಕೊಳ್ಳುತ್ತಾರೆ, ಆದ್ದರಿಂದ ಇವಳೂ ಬಿದ್ದಿರಬೇಕು ಎಂದು ವಾದ. ಅವರಿಗೆ ಗೊತ್ತಿಲ್ಲದಿದ್ದರೆ ಬಿಡು, ನಿನಗೆ ಗೊತ್ತಿಲ್ಲವಾ? ಆ ಪ್ರಬಂಧವನ್ನು ನಾನು ಹೇಗೆ ಮಗುಚಿ ಹಾಕಿದೆ ಎಂಬ ಕಥೆಯನ್ನು ನನಗಿಂತ ಚೆನ್ನಾಗಿ ನೀನೇ ನಿನ್ನ ಸ್ನೇಹಿತರಿಗೆ ಹೇಳುತ್ತಿದ್ದೆ. ಮರೆತಿದ್ದರೆ ಇನ್ನೊಮ್ಮೆ ಹೇಳುತ್ತೇನೆ, ಕೂತು ಕೇಳು. ಕೈ ಮುರಿದುಕೊಂಡವನಿಗೆ ಬೇರೆ ಕೆಲಸವಾದರೂ ಏನಿದೆ.

ನಾನು ಆ ಪ್ರಬಂಧದ ಹಿಂದಿನ ಅಧ್ಯಯನಕ್ಕೆ ಸೇರಿದಾಗ ಮೇಷ್ಟ್ರದ್ದು ಒಂದೇ ಹಂಬಲ: ಕಾಲ ಒಂದು ಹೆಂಗಸಿನ ಮೈಗೆ ಏನು ಮಾಡುತ್ತದೆ ಎಂದು ತಿಳಿಯಬೇಕು. ಅದಕ್ಕೆ ಅವರೇ ಹೆಂಗಸರು ವರ್ಷ ವರ್ಷವೂ ಬರಬೇಕು. ಬಂದರು. ಹೊಲಿಗೆ ಕೆಲಸದವರು, ಟೀಚರುಗಳು, ಪಾತ್ರೆ ತೊಳೆಯುವವರು, ಬ್ಯಾಂಕಿನವರು. ಕಾರಿಡಾರಿನ ಉದ್ದನೆ ಬೆಂಚಿನಲ್ಲಿ ಕೂತು ಮಾತಾಡುತ್ತಾ ಇರುತ್ತಿದ್ದರು, ಒಬ್ಬೊಬ್ಬರನ್ನೇ ಕರೆದು ತೂಕ, ಎತ್ತರ, ರಕ್ತ, ಎಕ್ಸ್‌ರೇ. ಕೊನೆಯಲ್ಲಿ ಪ್ರಶ್ನೆಗಳು. ಹೋದ ಸಲ ಬಂದು ಹೋದಮೇಲೆ ಎಲ್ಲಾದರೂ ಮೂಳೆ ಮುರಿಯಿತಾ, ಹೇಗೆ ಮುರಿಯಿತು? ಅವರು ಹೇಳಿದ್ದನ್ನು ಟೈಪು ಮಾಡುವವರು ಇಂಗ್ಲಿಷಿಗೆ ತಿರುಗಿಸುತ್ತಿದ್ದರು. ಮೇಷ್ಟ್ರು ಇಂಗ್ಲಿಷನ್ನು ಓದಿ ತಲೆ ತೂಗುತ್ತಿದ್ದರು. ನಮ್ಮ ಹೆಂಗಸರು ಬೀಳುತ್ತಾರೆ, ಬೀಳುತ್ತಲೇ ಇರುತ್ತಾರೆ ಎಂಬುದು ಅವರ ಸಂಶೋಧನೆ. ಸುಣ್ಣದಂಶದ ಮಾತ್ರೆ ಹಂಚಿಸಿದರು. ಬಚ್ಚಲಿಗೆ ಹಾಸಲು ಜಾರದ ರಬ್ಬರ್ ಚಾಪೆ ಹಂಚಿಸಿದರು, ಅದಕ್ಕೆ ಮಂತ್ರಿಗಳು ಬಂದು ಭಾಷಣವನ್ನೂ ಮಾಡಿದರು. ಮರುವರ್ಷ ಒಬ್ಬಾಕೆ ನನ್ನ ಕಿವಿಯಲ್ಲಿ ಹೇಳಿದಳು: ‘ಚಾಪೆ ಬಾಳ ಗಟ್ಟಿ ಮೇಡಂ. ಸುತ್ತಿ ಹೊಡೆದ್ರೆ ಹರಿಯೋದೇ ಇಲ್ಲ.’

ಆದರೆ ನನಗೆ ಕಣ್ಣು ತೆರೆಸಿದ್ದು ಅದಕ್ಕೂ ಮೊದಲಿನ ಒಂದು ಬೆಳಗ್ಗೆ. ರವಿಕೆ ಹೊಲಿಯುವ ಒಬ್ಬಾಕೆ ಬಂದಿದ್ದಳು, ಸದಾ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿರುತ್ತಿದ್ದವಳು. ಅವತ್ತು ಪಿನ್ನು ಇರಲಿಲ್ಲ, ಮುಂದಿನ ನಾಲ್ಕು ಹಲ್ಲೂ ಇರಲಿಲ್ಲ. ತುಟಿ ಒಡೆದು ಕಪ್ಪಗೆ ಹೆಪ್ಪುಗಟ್ಟಿತ್ತು. ಟೈಪಿನವನು ತಲೆಯೆತ್ತದೆ ಏನಾಯಿತು ಎಂದ. ‘ಬಾಯಿ ಮೇಲೆ ಬಿತ್ತು ಸಾರ್’ ಎಂದಳು. ಅವನು ಬಾಯಿ ಮುಂದಾಗಿ ಬಿದ್ದಳು ಎಂದು ಇಂಗ್ಲಿಷಿನಲ್ಲಿ ಕುಟ್ಟಿದ. ನಾನು ಅವನ ಹಿಂದೆಯೇ ನಿಂತಿದ್ದೆ. ಬಿದ್ದವಳು ‘ಬಿದ್ದೆ’ ಎನ್ನುತ್ತಾಳೆ. ‘ಬಿತ್ತು’ ಎಂದರೆ ಬಿದ್ದದ್ದು ಅವಳಲ್ಲ, ಏಟು. ಹೊಡೆದವನ ಹೆಸರಿಲ್ಲ, ಏಟಿನ ಹೆಸರೂ ಇಲ್ಲ, ಬರೀ ಬಿತ್ತು. ಮೇಲಿಂದ ಹಲ್ಲಿ ಬಿದ್ದ ಹಾಗೆ. ಬೆನ್ನಿಗೆ ಬಿತ್ತು, ಕೈಗೆ ಬಿತ್ತು, ಹಬ್ಬದ ಮುಂಚೆ ಸ್ವಲ್ಪ ಜಾಸ್ತಿ ಬಿತ್ತು. ಅಷ್ಟನ್ನೂ ನಮ್ಮವರು ಬೀಳುವ ಕಾಯಿಲೆ ಎಂದು ಸೇರಿಸಿಬಿಟ್ಟಿದ್ದರು. ಕನ್ನಡ ಬರುವ ಅಷ್ಟು ಜನ ಆ ಕೋಣೆಯಲ್ಲಿದ್ದರು ಗುಂಡಾ, ಒಬ್ಬರಿಗೂ ಅದು ಕೇಳಿಸಿರಲಿಲ್ಲ.

ನನಗೆ ಕೇಳಿಸಿದ್ದು ಓದಿನಿಂದಲ್ಲ, ಅದು ನಿನಗೂ ಗೊತ್ತು. ಅಪ್ಪನಿಗೆ ರಜೆಯ ದಿನ ಮಧ್ಯಾಹ್ನ ಬೇಸರ ಬರುತ್ತಿತ್ತು. ಊಟದ ತಟ್ಟೆ ಗೋಡೆಗೆ ಹೋಗಿ ಬಡಿಯುತ್ತಿದ್ದಂತೆ ನಾನು ನಿನ್ನನ್ನು ಎಳೆದುಕೊಂಡು ಮಂಚದ ಕೆಳಗೆ ನುಗ್ಗುತ್ತಿದ್ದೆ. ಅಲ್ಲಿಂದ ಕಾಣುತ್ತಿದ್ದದ್ದು ಕಾಲುಗಳು ಮಾತ್ರ. ಅಪ್ಪನ ಕಾಲು ಮುಂದೆ ಬರುವುದು, ಅಮ್ಮನ ಕಾಲು ಹಿಂದೆ ಸರಿಯುವುದು, ಆಮೇಲೆ ಅಮ್ಮನ ಕಾಲಿನ ಬದಲು ಅಮ್ಮನ ಮುಖವೇ ನೆಲದ ಮೇಲೆ ನಮ್ಮ ಎದುರಿಗೆ ಬರುವುದು. ಒಂದು ಸಲ ಕೂದಲು ಹಿಡಿದು ಹಣೆಯನ್ನು ಮಂಚದ ಕಾಲಿಗೇ ಜಜ್ಜಿದ. ಅದರ ಸದ್ದು ನಮ್ಮ ಬೆನ್ನಿಗೆ ತಾಗಿದ್ದ ಮಂಚದ ಹಲಗೆಯಲ್ಲಿ ಬಂತು. ಅಳು ಹೊರಗೆ ಕೇಳಬಾರದೆಂದು ನಿನ್ನ ಬಾಯಿಗೆ ನನ್ನ ಅಂಗೈ ಒತ್ತಿದ್ದೆ. ನೀನು ಹಲ್ಲು ಊರಿ ಕಚ್ಚಿ ರಕ್ತ ಬರಿಸಿದೆ. ಅಮ್ಮ ನಮ್ಮನ್ನು ನೋಡಿ ಹಾಗೇ ಕಣ್ಣು ಮಿಟುಕಿಸಿದಳು, ಬರಬೇಡಿ ಎನ್ನುವಂತೆ. ಸಂಜೆ ಪಕ್ಕದ ಮನೆಯಾಕೆ ಕೇಳಿದಾಗ ಸೆರಗಿನಿಂದ ಹಣೆ ಮುಚ್ಚಿಕೊಂಡು ‘ಇವತ್ತು ಎರಡು ಬಿತ್ತು ಕಣ್ರೀ’ ಎಂದು ನಕ್ಕಳು. ಆ ಮಾತನ್ನು ನಾವಿಬ್ಬರೂ ಹಾಲಿನ ಜೊತೆ ಕುಡಿದು ಬೆಳೆದವರು.

ಮೇಷ್ಟ್ರ ಬಳಿ ಹೋಗಿ ಹೇಳಿದೆ. ಕನ್ನಡಕ ತೆಗೆದು ಒರೆಸಿ, ‘ವ್ಯಾಕರಣ ಇಟ್ಕೊಂಡು ವೈದ್ಯ ಮಾಡಕ್ಕಾಗಲ್ಲಮ್ಮ’ ಎಂದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಆಗ ನಾನು ಎಕ್ಸ್‌ರೇಗಳನ್ನು ಅವರ ಮೇಜಿನ ಮೇಲೆ ಹರಡಿದೆ. ಜಾರಿ ಬೀಳುವವಳು ಅಂಗೈ ಊರುತ್ತಾಳೆ, ಮಣಿಕಟ್ಟು ಮುರಿಯುತ್ತದೆ. ಇವರದು ಮುಂಗೈ ನಟ್ಟನಡುವೆ ಮುರಿದಿದೆ ಸಾರ್, ತಲೆಗೆ ಬರುವ ಕೋಲಿಗೆ ಕೈ ಅಡ್ಡ ಕೊಟ್ಟರೆ ಮುರಿಯುವ ಜಾಗದಲ್ಲಿ. ನೀವು ಈಗ ನನಗೆ ಪೇಪರ್‌ವೇಟ್ ಎಸೆದರೂ ನನ್ನದೂ ಅಲ್ಲೇ ಮುರಿಯುತ್ತದೆ ಎಂದೆ. ಅವರು ಎಸೆಯಲಿಲ್ಲ, ಪಾಪ. ನನ್ನನ್ನು ನೆಲಮಾಳಿಗೆಯ ಕೋಣೆಗೆ ಎಸೆದರು. ಅಲ್ಲಿ ಕೂತುಕೊಂಡೇ ಎಲ್ಲ ಹೆಂಗಸರನ್ನೂ ಮತ್ತೆ ಕರೆಸಿದೆ. ಬಾಗಿಲು ಹಾಕಿಕೊಂಡು ಎದುರೆದುರು ಕೂತು ಒಂದೇ ಪ್ರಶ್ನೆ ಕೇಳಿದೆ: ಮನೆಯಲ್ಲಿ ಯಾರಿಂದಾದರೂ ಏಟು ತಿಂದಿದ್ದೀರಾ? ಅಧ್ಯಯನಕ್ಕೆ ಆಮೇಲೆ ಅದೇ ಪ್ರಶ್ನೆ ಖಾಯಂ ಆಯಿತು. ನನ್ನ ಇಡೀ ವೃತ್ತಿ ಎಂದರೆ ಆ ಒಂದು ವಾಕ್ಯ, ಉಳಿದದ್ದೆಲ್ಲ ಅಂಕಿಅಂಶ.

ಒಬ್ಬೊಬ್ಬರ ಉತ್ತರವನ್ನು ಇಲ್ಲಿ ಬರೆಯುವುದಿಲ್ಲ. ಬಸುರಿ ಹೊಟ್ಟೆಗೆ ಬೂಟುಗಾಲಿನಿಂದ ಒದೆಸಿಕೊಂಡ ಟೀಚರು, ಇಸ್ತ್ರಿಪೆಟ್ಟಿಗೆಯ ಮೂತಿ ಬೆನ್ನ ಮೇಲೆ ಅಚ್ಚೊತ್ತಿಸಿಕೊಂಡ ಬ್ಯಾಂಕಿನಾಕೆ. ಅವರು ಹೇಳುವಾಗ ಅಳುತ್ತಿರಲಿಲ್ಲ, ಹವಾಮಾನ ಹೇಳಿದ ಹಾಗೆ ಹೇಳುತ್ತಿದ್ದರು. ಕೆಲವರು ಮರುವರ್ಷ ಬರಲಿಲ್ಲ. ಮನೆಗೆ ಹೋಗಿ ವಿಚಾರಿಸಿದರೆ ಒಬ್ಬಳು ಸೀಮೆಎಣ್ಣೆ ಸ್ಟವ್ ಸಿಡಿದು ಸತ್ತಳಂತೆ, ಆ ಮನೆಯಲ್ಲಿ ಗ್ಯಾಸ್ ಒಲೆ ಇತ್ತು. ಇನ್ನೊಬ್ಬಳು ಮೆಟ್ಟಿಲಿಂದ ಬಿದ್ದಳಂತೆ, ಆ ಮನೆಗೆ ಮೆಟ್ಟಿಲೇ ಇರಲಿಲ್ಲ. ಗಂಡಂದಿರು ಬಾಗಿಲಲ್ಲೇ ನಿಂತು ಬಹಳ ಮರ್ಯಾದೆಯಿಂದ ಮಾತಾಡುತ್ತಿದ್ದರು.

ರವಿಕೆಯಾಕೆಯ ಗಂಡ ನೆಲಮಾಳಿಗೆಗೇ ಬಂದ ದಿನ ನಿನಗೆ ನೆನಪಿರಲೇಬೇಕು. ನನ್ನನ್ನು ಕರೆದೊಯ್ಯಲು ನೀನು ಸ್ಕೂಟರಿನಲ್ಲಿ ಬಂದಿದ್ದೆ, ಇನ್ನೂ ಕಾಲೇಜು ಹುಡುಗ. ಅವನು ಅವಳದೇ ದೊಡ್ಡ ಕತ್ತರಿ ಹಿಡಿದು ಒಳಗೆ ನುಗ್ಗಿದ. ‘ನನ್ ಮನೆ ವಿಷ್ಯ ಬರ್ಕೊಳ್ಳೋಳು ಯಾವಳು?’ ಎಂದು ಕೂಗುತ್ತ ತೂಕದ ಯಂತ್ರ ಒದ್ದ, ಕುರ್ಚಿಯಲ್ಲಿದ್ದ ಅವಳ ಜಡೆ ಹಿಡಿದು ಎಳೆದು ನನ್ನ ಕಣ್ಣೆದುರೇ ಭುಜಕ್ಕೆ ಚುಚ್ಚಿದ. ಚುಚ್ಚಿ ಎಳೆದು ಮತ್ತೆ ಚುಚ್ಚಿದ. ನಾನು ಅಡ್ಡ ಹೋದೆ. ನನ್ನ ಅಂಗೈಯಲ್ಲಿ ಇವತ್ತಿಗೂ ಆ ಗೆರೆ ಇದೆ. ಆಗ ನೀನು ಬಂದೆ. ಅವನ ಕೈ ತಿರುಚಿ ಕತ್ತರಿ ಬೀಳಿಸಿದೆ, ಒಂದೇ ಗುದ್ದಿಗೆ ಕೆಡವಿದೆ. ಅಲ್ಲಿಗೆ ಮುಗಿಯಬೇಕಿತ್ತು. ಅವನು ಕೆಳಗೆ ಬಿದ್ದು ಕೈ ಮುಗಿಯುತ್ತಿದ್ದ, ನೀನು ಎದೆಯ ಮೇಲೆ ಕೂತು ಮುಖಕ್ಕೆ ಗುದ್ದುತ್ತಲೇ ಇದ್ದೆ. ಮೂಗು ಹೋಯಿತು, ಕಣ್ಣು ಮುಚ್ಚಿತು, ನೆಲದ ಮೇಲೆ ಹಲ್ಲು ಬಿದ್ದವು. ನಿನ್ನನ್ನು ಎಳೆಯಲು ಮೂರು ಜನ ಬೇಕಾದರು. ನಮ್ಮ ಇಲಾಖೆಯವರೆಲ್ಲ ನಿನ್ನ ಬೆನ್ನು ತಟ್ಟಿದರು. ಅಮ್ಮ ನಿನ್ನ ಕೈಯ ಗೆಣ್ಣುಗಳಿಗೆ ಔಷಧಿ ಹಚ್ಚುತ್ತ ಗಂಡಸು ಅಂದ್ರೆ ನನ್ ಮಗ ಎಂದಳು. ನಾನೂ ಎಷ್ಟು ಜನರ ಮುಂದೆ ಕೊಚ್ಚಿಕೊಂಡಿಲ್ಲ. ಆದರೆ ಎಳೆದು ನಿಲ್ಲಿಸಿದಾಗ ನಿನ್ನ ಮುಖದಲ್ಲಿ ಸಿಟ್ಟು ಇರಲಿಲ್ಲ ಗುಂಡಾ. ಬಿಸಿಲಲ್ಲಿ ಬಂದವನು ತಣ್ಣೀರು ಕುಡಿದರೆ ಇರುತ್ತದಲ್ಲ, ಹಾಗಿತ್ತು. ಅದನ್ನು ನಾನು ಯಾರ ಮುಂದೆಯೂ ಹೇಳಿಲ್ಲ, ಇವತ್ತು ನಿನಗೇ ಹೇಳುತ್ತಿದ್ದೇನೆ.

ಸೂಜಿ ನಮ್ಮಲ್ಲಿಗೆ ರಕ್ತ ತೆಗೆಯುವ ಕೆಲಸಕ್ಕೆ ಬಂದದ್ದು ಅದಾಗಿ ಬಹಳ ವರ್ಷದ ಮೇಲೆ. ಅವಳು ಚುಚ್ಚಿದರೆ ಗೊತ್ತೇ ಆಗುತ್ತಿರಲಿಲ್ಲ, ಮಾತು ಚುಚ್ಚಿದರೆ ಮಾತ್ರ ವಾರ ನೋಯುತ್ತಿತ್ತು, ಅದಕ್ಕೇ ಆ ಹೆಸರು. ಹೆಂಗಸರು ಅವಳ ಸರದಿಗಾಗಿ ಕಾಯುತ್ತಿದ್ದರು. ನನ್ನ ಆ ಪ್ರಶ್ನೆಯನ್ನು ನನ್ನಷ್ಟೇ ಚೆನ್ನಾಗಿ ಕೇಳಲು ಕಲಿತವಳು ಅವಳೊಬ್ಬಳೇ. ನೀನು ಅವಳನ್ನು ನೋಡಲೆಂದೇ ವಾರಕ್ಕೊಮ್ಮೆ ಸಕ್ಕರೆ ಕಾಯಿಲೆ ಪರೀಕ್ಷೆ ಮಾಡಿಸಿಕೊಂಡೆ, ಇಪ್ಪತ್ತು ಸಲ ಸೂಜಿ ಚುಚ್ಚಿಸಿಕೊಂಡು ಪ್ರೇಮಿಸಿದವನು ಪ್ರಪಂಚದಲ್ಲಿ ನೀನೊಬ್ಬನೇ ಇರಬೇಕು. ನಾನು ಕುಣಿದಾಡಿಬಿಟ್ಟೆ. ಮದುವೆಯಾದ ಮೇಲೂ ಅವಳು ಪ್ರತಿದಿನ ಬೇರೆಯವರನ್ನು ಆ ಪ್ರಶ್ನೆ ಕೇಳಿ, ಸಂಜೆ ನಿನ್ನ ಮನೆಗೆ ಬಂದು ಬಾಯಿ ಮುಚ್ಚಿಕೊಂಡು ಇದ್ದಳು ಎಂದರೆ, ಅದು ಎಂಥ ಕಸುಬು ಎಂದು ಯೋಚಿಸು. ಉದ್ದ ತೋಳಿನ ರವಿಕೆ ಏಕೆ ಎಂದರೆ ಎ.ಸಿ. ಚಳಿ ಎನ್ನುತ್ತಿದ್ದಳು. ಬೇಲಿಯೇ ಎದ್ದು ಹೊಲ ಮೇಯುವುದು ಎಂದು ಕೇಳಿದ್ದೆ, ನನ್ನ ಮನೆಯ ಬೇಲಿ ಎಂದು ತಿಳಿದಿರಲಿಲ್ಲ.

ಆ ಭಾನುವಾರ ನಡೆದದ್ದನ್ನು ಅವಳು ನನಗೆ ಹಲ್ಲು ಕಚ್ಚಿಕೊಂಡೇ ತುಂಡು ತುಂಡಾಗಿ ಹೇಳಿದ್ದಾಳೆ. ಊರೂರು ತಿರುಗುವ ತಂಡಕ್ಕೆ ಅವಳನ್ನು ಮುಖ್ಯಸ್ಥೆ ಮಾಡಿ ನಾನು ಕಳಿಸಿದ್ದ ಆದೇಶ ಅವತ್ತು ನಿನ್ನ ಕೈಗೆ ಸಿಕ್ಕಿತು. ‘ಯಾರ್ನ ಕೇಳಿ ಒಪ್ಕೊಂಡೆ?’ ಎಂದೆಯಂತೆ. ಕೆಲಸ ನನ್ನದು, ನನ್ನನ್ನೇ ಕೇಳಿದೆ ಎಂದಳಂತೆ, ಸೂಜಿಯಲ್ಲವಾ. ಮೊದಲನೆಯದು ಕೆನ್ನೆಗೆ, ಅಂಗೈ. ಅವಳು ಸುಮ್ಮನಾಗಲಿಲ್ಲ. ಎರಡನೆಯದಕ್ಕೆ ಮುಷ್ಟಿ ಕಟ್ಟಿದೆ, ದವಡೆ ಹೋಯಿತು, ನಿನ್ನ ಬೆರಳಿನ ಮೂಳೆಯೂ ಅಲ್ಲೇ ಹೋಯಿತು. ಕೈ ನೋವಾಯಿತೆಂದು ಇನ್ನೂ ಕೆರಳಿ ಅಡುಗೆಮನೆಯ ಸ್ಟೂಲು ಎತ್ತಿದೆ. ಅವಳು ಕೈ ಅಡ್ಡ ಕೊಟ್ಟಳು. ಕೆಳಗೆ ಬಿದ್ದ ಮೇಲೆ ಒದ್ದೆ. ಎಷ್ಟು ಸಲ ಎಂದು ಅವಳಿಗೆ ನೆನಪಿಲ್ಲ, ಗೋಡೆ ಕಡೆಗೆ ತಿರುಗಿಕೊಂಡದ್ದಷ್ಟೇ ನೆನಪು. ಆಮೇಲೆ ಎತ್ತಿಕೊಂಡು ಕಾರಿಗೆ ಹಾಕಿ, ಅಳುತ್ತ, ಮುರಿದ ಕೈಯಲ್ಲೇ ಓಡಿಸಿಕೊಂಡು ನನ್ನ ಆಸ್ಪತ್ರೆಗೇ ಬಂದೆ. ತುರ್ತು ವಿಭಾಗದಲ್ಲಿ ‘ಬಚ್ಚಲಲ್ಲಿ ಬಿದ್ಲು’ ಎಂದೆ. ಡ್ಯೂಟಿಯಲ್ಲಿದ್ದ ಡಾಕ್ಟರು ಬಚ್ಚಲಲ್ಲಿ ಬಿದ್ದದ್ದು ಎಂದೇ ಬರೆದರು. ನಾನು ಓಡಿಬಂದು ಲೈಟಿನ ಪೆಟ್ಟಿಗೆಯ ಮೇಲೆ ಎಕ್ಸ್‌ರೇ ನೋಡಿದೆ. ಮುಂಗೈ ನಟ್ಟನಡುವೆ. ಪಕ್ಕದ ಪೆಟ್ಟಿಗೆಯಲ್ಲಿ ನಿನ್ನ ಕೈಯದೂ ಇತ್ತು. ಗಂಡ ಹೆಂಡತಿಯ ಎರಡು ಚಿತ್ರ ಒಟ್ಟಿಗೆ ಅಷ್ಟು ಸ್ಪಷ್ಟವಾಗಿ ಮಾತಾಡಿದ್ದನ್ನು ನನ್ನ ಇಡೀ ವೃತ್ತಿಯಲ್ಲಿ ನಾನು ನೋಡಿರಲಿಲ್ಲ.

ಅಪ್ಪನ ರಕ್ತ, ನಾನೇನು ಮಾಡಲಿ ಎಂದು ಬರೆದಿದ್ದೀಯ. ಅದೇ ರಕ್ತ ನನ್ನ ಮೈಯಲ್ಲೂ ಇದೆಯಲ್ಲೋ. ಅದೇ ಮಂಚದ ಕೆಳಗೆ ನಾನೂ ಇದ್ದೆ. ನಾನೆಷ್ಟು ಸಿಡುಕಿ ಎಂದು ಇಲಾಖೆಯ ಗೋಡೆಗಳನ್ನು ಕೇಳು. ಇವತ್ತಿನವರೆಗೆ ಒಂದು ನಾಯಿಗೂ ಹೊಡೆದಿಲ್ಲ. ನಿನ್ನ ವಕೀಲರು ಸಿಟ್ಟು ಕಾಯಿಲೆ, ಔಷಧಿ ಇದೆ ಎನ್ನುತ್ತಾರಂತೆ. ನಿನ್ನ ಆಫೀಸಿನ ಮ್ಯಾನೇಜರ್ ಎಲ್ಲರೆದುರು ಬಯ್ದ ದಿನ ಆ ಕಾಯಿಲೆ ಎಲ್ಲಿ ಹೋಗಿತ್ತು? ಅವನು ನಿನಗಿಂತ ಒಂದು ಗೇಣು ಎತ್ತರ, ಅದಕ್ಕೆ ವಾಸಿಯಾಗಿರಬೇಕು. ಗುಂಡ ಎಂದು ನಿನಗೆ ಹೆಸರಿಟ್ಟದ್ದು ನಾನೇ, ಕೆನ್ನೆ ಅಷ್ಟು ಗುಂಡಗಿತ್ತು. ಗುಂಡನಿಗೂ ಗೂಂಡಾನಿಗೂ ನಡುವೆ ಎಷ್ಟು ದೂರ ಹೇಳು, ಕೊಂಬು ಸ್ವಲ್ಪ ಉದ್ದ ಬೆಳೆದರೆ ಸಾಕು. ಬೆಳೆಯುತ್ತಿದ್ದಾಗ ಮನೆಯವರು ಯಾರೂ ಕತ್ತರಿಸಲಿಲ್ಲ. ಈಗ ನ್ಯಾಯಾಧೀಶರು ನೋಡಿಕೊಳ್ಳಲಿ.

ಹಾಗಾಗಿ ನನ್ನ ಉತ್ತರ ಕೇಳಿಸಿಕೋ. ಗುರುವಾರ ನಾನು ಎರಡೂ ಎಕ್ಸ್‌ರೇಗಳನ್ನು ತೆಗೆದುಕೊಂಡು ಹೋಗುತ್ತೇನೆ. ಮೇಷ್ಟ್ರ ಪ್ರಬಂಧ ಏಕೆ ತಪ್ಪು, ಬಿದ್ದೆ ಎಂದರೇನು, ಬಿತ್ತು ಎಂದರೇನು ಎಂದು ಮೇಜು ತಟ್ಟಿ ಹೇಳುತ್ತೇನೆ. ನನ್ನ ತಮ್ಮ ಹೊಡೆದ ಎಂದು ಹೇಳುವಾಗ ದನಿ ನಡುಗಬಹುದು, ಮಾತು ನಡುಗುವುದಿಲ್ಲ. ನನಗೆ ನಿನ್ನ ಮೇಲೆ ಪ್ರೀತಿ ಇಲ್ಲ ಎಂದುಕೊಂಡರೆ ನೀನು ಪೆದ್ದ. ನಿನ್ನನ್ನು ಸೊಂಟದ ಮೇಲೆ ಹೊತ್ತು ನನ್ನ ಸೊಂಟ ಒಂದು ಕಡೆ ವಾಲಿದೆ, ಈಗಲೂ ದರ್ಜಿಯವರು ಹೇಳುತ್ತಾರೆ. ನೀನು ಒಳಗೆ ಹೋದರೆ ಭೇಟಿಗೆ ಬಿಡುವ ದಿನವೆಲ್ಲ ಬರುತ್ತೇನೆ, ಪುಸ್ತಕ ತರುತ್ತೇನೆ, ಬಿ.ಪಿ. ಮಾತ್ರೆ ತರುತ್ತೇನೆ. ಸೂಜಿಯನ್ನು ಮಾತ್ರ ಕರೆತರುವುದಿಲ್ಲ. ಅಲ್ಲಿಯವರೆಗೆ ಇತ್ತ ಬರಬೇಡ. ಗೇಟಿನಲ್ಲಿ ಕಾವಲಿನವರಿಗೆ ನಿನ್ನ ಫೋಟೋ ಕೊಟ್ಟಿದ್ದೇನೆ. ಫೋಟೋ ಹುಡುಕುವಾಗ ನೀನು ನಗುತ್ತಿರುವವೇ ಸಿಕ್ಕಿದವು, ಅವುಗಳಲ್ಲೇ ಒಂದು ಕೊಟ್ಟೆ.

ಮಾವನಿಗೆ, ಅತ್ತೆಗೆ ನಮಸ್ಕಾರ ತಿಳಿಸು. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೈ ವಾಸಿಯಾಗಲಿ ಎಂದು ಹರಸುತ್ತೇನೆ, ಬೇಗ ಆಗಲಿ ಎಂದು ಹರಸಲು ಮನಸ್ಸು ಬರುತ್ತಿಲ್ಲ.

ನಿನ್ನನ್ನು ಎತ್ತಿ ಆಡಿಸಿದ
ಅಕ್ಕ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮೊದಲು ಇಷ್ಟು ಸೇರಿಸುತ್ತಿದ್ದೇನೆ, ಆತುರದಲ್ಲಿದ್ದೇನೆ, ಅಕ್ಷರ ನೋಡಬೇಡ. ಕಾಗದದಲ್ಲಿ ಏನು ಬರೆದೆ ಎಂದು ಅಮ್ಮ ಪಟ್ಟು ಹಿಡಿದಳು, ಸೂಜಿಯ ಮಂಚದ ಪಕ್ಕ ಕೂತು ಪೂರ್ತಿ ಓದಿ ಹೇಳಿದೆ. ಬಯ್ಯುತ್ತಾಳೆ ಎಂದುಕೊಂಡೆ. ಸೂಜಿಯ ತಲೆ ಬಾಚುತ್ತಲೇ ಕೇಳಿಸಿಕೊಂಡಳು. ಅಷ್ಟು ಸಾವಿರ ಹೆಂಗಸರನ್ನು ಕೇಳಿದ ಆ ಪ್ರಶ್ನೆಯನ್ನು ಈ ಮನೆಯಲ್ಲಿ ನಾನು ಯಾವತ್ತೂ ಕೇಳಿಯೇ ಇಲ್ಲ ಎಂದು ಆಗ ಹೊಳೆಯಿತು. ಬಾಗಿಲು ಹಾಕಿ, ಎದುರಿಗೆ ಕೂತು, ಹೊರಗಿನವರನ್ನು ಕೇಳುವಂತೆಯೇ ಕೇಳಿದೆ: ಅಮ್ಮಾ, ಮನೆಯಲ್ಲಿ ಯಾರಿಂದಾದರೂ ಏಟು ತಿಂದಿದ್ದೀಯಾ? ಅಮ್ಮ ಕೈಯಲ್ಲಿದ್ದ ಬಾಚಣಿಗೆ ಕೆಳಗಿಡಲೂ ಇಲ್ಲ. ‘ಯಾರ್ದು ಕೇಳ್ತಿದ್ದೀಯೇ?’ ಎಂದಳು. ‘ನಿಮ್ಮಪ್ಪಂದಾ, ನಿನ್ ತಮ್ಮಂದಾ?’

ಈಗ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ, ಪೊಲೀಸ್ ಸ್ಟೇಷನ್ನಿಗೆ ಕರೆದುಕೊಂಡು ಹೋಗು ಎನ್ನುತ್ತಿದ್ದಾಳೆ. ಗುರುವಾರ ಕಟಕಟೆಗೆ ನನಗಿಂತ ಮೊದಲು ಹತ್ತುವವಳು ಅಮ್ಮ.